ವ್ಯೂ ಪಾಯಿಂಟಿನಲ್ಲಿ ಒಂದು ಕಂಬ, ಅದರ ಮೇಲೊಂದು ಕ್ಯಾಮೆರಾ

(ಹೊಸದಾಗಿ ಏನಾದರೂ ಶುರು ಮಾಡಬೇಕು ಅಂತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎಲ್ಲೆಲ್ಲೋ ಹೋದದ್ದನ್ನು ಸ್ವಲ್ಪ ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಐಡಿಯಾ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅದರ ಕಷ್ಟಗಳಿಗೆ ಬರೋಣ. ಕಷ್ಟಗಳೇ ಜಾಸ್ತಿ ಇವೆ. ಮಜಾ ಇರುವುದೂ ಅಲ್ಲೇ.

ಬೆಟ್ಟದ ತುದಿ, ಜಲಪಾತದ ಎದುರು, ಸಮುದ್ರದ ದಂಡೆ, ಹಳೆ ಕೋಟೆಯ ಬುರುಜು. ಎಲ್ಲಿ ಜನ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೋ ಅಲ್ಲಿ ಒಂದು ಕಂಬ ನೆಡುವುದು. ಅದರ ಮೇಲೆ ಒಂದು ಒಳ್ಳೆಯ ಕ್ಯಾಮೆರಾ ಕೂರಿಸುವುದು. ನಿಲ್ಲುವ ಜಾಗದಲ್ಲಿ ಒಂದು ಕ್ಯೂಆರ್ ಕೋಡ್ ಇರುತ್ತದೆ. ಬಂದವರು ಅದನ್ನು ಸ್ಕ್ಯಾನ್ ಮಾಡಿ, ಗುಂಡಿ ಒತ್ತಿ, ಕ್ಯಾಮೆರಾ ಕಡೆ ನೋಡುತ್ತಾರೆ. ಕಂಬದ ಮೇಲಿನ ದೀಪ ಮಿಣುಕಿ ಐದು ಎಣಿಸುತ್ತದೆ, ಕ್ಲಿಕ್. ಫೋಟೋ ಅವರ ಫೋನಿಗೆ ಬರುತ್ತದೆ. ಸಣ್ಣ ಪ್ರತಿ ಪುಕ್ಕಟೆ, ಪೂರ್ತಿ ಸೈಜಿನದು ಬೇಕಿದ್ದರೆ ದುಡ್ಡು.

ಇದನ್ನು ಯಾರಿಗೆ ಹೇಳಿದರೂ ಮೊದಲು ಬರುವ ಮಾತು ಒಂದೇ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಅದೂ ವರ್ಷ ವರ್ಷ ಸುಧಾರಿಸ್ತಾ ಇದೆ, ಇನ್ನೊಂದು ಕ್ಯಾಮೆರಾ ಯಾರಿಗೆ ಬೇಕು? ಸರಿಯಾದ ಪ್ರಶ್ನೆ. ನನ್ನ ಇಡೀ ಮಾತು ಇದಕ್ಕೆ ಉತ್ತರ ಅಂದುಕೊಳ್ಳಿ. ಫೋನಿನ ಕ್ಯಾಮೆರಾ ಎಷ್ಟೇ ಸುಧಾರಿಸಿದರೂ ಅದು ನಿಮ್ಮ ಕೈಯಲ್ಲೇ ಇರುತ್ತದೆ, ಅಥವಾ ನಿಮ್ಮ ಪಕ್ಕದವರ ಕೈಯಲ್ಲಿ. ಅದನ್ನು ಮೂವತ್ತು ಮೀಟರ್ ಆಚೆ, ನೆಲದಿಂದ ಮೂರಾಳು ಎತ್ತರದಲ್ಲಿ ಹಿಡಿಯೋಕೆ ನಿಮ್ಮಿಂದ ಆಗುವುದಿಲ್ಲ. ಈ ವ್ಯಾಪಾರದಲ್ಲಿ ಬೆಲೆ ಇರುವುದು ಆ ಮೂವತ್ತು ಮೀಟರಿಗೆ.

ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡಿಕೊಳ್ಳಬೇಡಿ. ಸೆನ್ಸರ್, ಅಂದರೆ ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಚಿಪ್, ಹಳೆಯ ಫಿಲ್ಮ್ ಕ್ಯಾಮೆರಾದ ಫ್ರೇಮಿನಷ್ಟೇ ದೊಡ್ಡದು ಅಂತ ಇಟ್ಟುಕೊಳ್ಳಿ, ಅಂದರೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಆ ಅಳತೆಯಲ್ಲಿ ಹೇಳುವುದಾದರೆ ಫೋನಿನ ಮುಖ್ಯ ಕ್ಯಾಮೆರಾ ಸುಮಾರು 24 ಎಂಎಂ ಲೆನ್ಸಿನಷ್ಟು ಅಗಲಕ್ಕೆ ನೋಡುತ್ತದೆ. ಈ ಎಂಎಂ ಸಂಖ್ಯೆ ದೊಡ್ಡದಾದಷ್ಟೂ ಕಾಣುವ ಅಗಲ ಕಮ್ಮಿ, ದೂರದ್ದು ದೊಡ್ಡದಾಗಿ ಕಾಣುತ್ತದೆ. ನಿಮ್ಮ ಸ್ನೇಹಿತ ಎರಡು ಮೀಟರ್ ದೂರ ನಿಂತಿದ್ದಾನೆ, ಎತ್ತರ 1.7 ಮೀಟರ್. ಅವನ ಹಿಂದೆ ಐದು ಕಿಲೋಮೀಟರ್ ಆಚೆ ಒಂದು ಬೆಟ್ಟ, 600 ಮೀಟರ್ ಎತ್ತರದ್ದು. ಫೋಟೋದಲ್ಲಿ ಸ್ನೇಹಿತ ಚೌಕಟ್ಟಿನ ಎತ್ತರದ ಶೇ. 85 ತುಂಬಿಕೊಳ್ಳುತ್ತಾನೆ. ಬೆಟ್ಟಕ್ಕೆ ಸಿಗುವುದು ಶೇ. 12. ಅಷ್ಟು ದೂರ ಹತ್ತಿ ಬಂದು, ಆ ಬೆಟ್ಟ ನೋಡಿ ಬಾಯಿ ಬಿಟ್ಟು ನಿಂತು, ಆಮೇಲೆ ಫೋಟೋ ನೋಡಿದರೆ ಸ್ನೇಹಿತನ ಭುಜದ ಹಿಂದೆ ಏನೋ ಒಂದು ಸಣ್ಣ ದಿಬ್ಬ. ಎಲ್ಲರಿಗೂ ಆಗಿರುತ್ತೆ, ಅಲ್ವಾ?

ಈಗ ಅದೇ ಸ್ನೇಹಿತ, ಅದೇ ಬೆಟ್ಟ. ಕ್ಯಾಮೆರಾ ಮಾತ್ರ 30 ಮೀಟರ್ ಹಿಂದೆ ಹೋಗಿ, 100 ಎಂಎಂ ಲೆನ್ಸ್ ಹಾಕಿಕೊಳ್ಳುತ್ತದೆ. ಸ್ನೇಹಿತ ಚೌಕಟ್ಟಿನ ಕಾಲು ಭಾಗಕ್ಕಿಂತ ಒಂಚೂರು ಕಮ್ಮಿ. ಬೆಟ್ಟ ಸರಿಯಾಗಿ ಅರ್ಧ. ಮೊದಲಿನದರಲ್ಲಿ ಮನುಷ್ಯ ಬೆಟ್ಟದ ಏಳು ಪಟ್ಟು ಇದ್ದ, ಇದರಲ್ಲಿ ಬೆಟ್ಟ ಮನುಷ್ಯನ ಎರಡು ಪಟ್ಟು ಇದೆ. ಕಣ್ಣಿಗೆ ಕಂಡದ್ದು, ಮನಸ್ಸಿನಲ್ಲಿ ಉಳಿದದ್ದು ಈ ಎರಡನೆಯದು. ಅಷ್ಟು ದೂರದಲ್ಲಿ ಮನುಷ್ಯ ತೀರಾ ಸಣ್ಣ ಆಗಿಬಿಡ್ತಾನಲ್ಲ ಅಂತ ಕೇಳಬಹುದು. 45 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಎತ್ತರಕ್ಕೆ ಐದೂವರೆ ಸಾವಿರ ಪಿಕ್ಸೆಲ್ ಇರುತ್ತವೆ, ಅದರಲ್ಲಿ ಅವನ ಪಾಲಿಗೆ 1,300. ಮುಖದ ನಗು ಕಾಣಲು ಅಷ್ಟು ಸಾಕು.

ಫೋನಿನಲ್ಲೂ ಜೂಮ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ನಿಂತ ಜಾಗದಲ್ಲೇ ಜೂಮ್ ಮಾಡಿದರೆ ಸ್ನೇಹಿತನೂ ಬೆಟ್ಟವೂ ಒಟ್ಟಿಗೇ ದೊಡ್ಡದಾಗುತ್ತವೆ. ಇಬ್ಬರ ನಡುವಿನ ಪ್ರಮಾಣ ಬದಲಾಗಬೇಕಾದರೆ ಕ್ಯಾಮೆರಾ ದೂರ ಹೋಗಲೇಬೇಕು. ಒಬ್ಬರೇ ಬಂದವರಿಗೆ ಅದು ಆಗುವ ಮಾತಲ್ಲ. ಇಬ್ಬರು ಬಂದರೆ ಒಬ್ಬರು ಫೋಟೋದಿಂದ ಹೊರಗೆ. ಅಪರಿಚಿತರ ಕೈಗೆ ಫೋನ್ ಕೊಟ್ಟು 'ಸ್ವಲ್ಪ ದೂರ ಹೋಗಿ' ಅನ್ನೋಕೆ ಯಾರಿಗೂ ಧೈರ್ಯ ಬರುವುದಿಲ್ಲ. ಅಂದ ಹಾಗೆ, ಈ ವ್ಯಾಪಾರಕ್ಕೆ ನಿಜವಾದ ಪೈಪೋಟಿ ಕೊಡುವವರು ಆ ಅಪರಿಚಿತರೇ. ಪುಕ್ಕಟೆ, ಯಾವಾಗಲೂ ಸಿಗುತ್ತಾರೆ, ನಗುತ್ತಾ ತೆಗೆದುಕೊಡುತ್ತಾರೆ. ಕಾಲು ಕತ್ತರಿಸಿರುತ್ತಾರೆ, ಒಂದು ಮೂಲೆಯಲ್ಲಿ ಹೆಬ್ಬೆರಳು ಇರುತ್ತದೆ, ಇನ್ನೊಂದು ತೆಗೆಯಿರಿ ಅಂತ ಕೇಳಲು ಸಂಕೋಚ. ಇವರಿಗಿಂತ ಸ್ವಲ್ಪ ಚೆನ್ನಾಗಿ ತೆಗೆದರೆ ಯಾರೂ ದುಡ್ಡು ಕೊಡುವುದಿಲ್ಲ. ಇವರಿಂದ ಆಗದೇ ಇರುವುದನ್ನು ತೆಗೆದುಕೊಡಬೇಕು.

ತಾನೇ ಫೋಟೋ ತೆಗೆಯುವ ಯಂತ್ರ ಹೊಸದೇನಲ್ಲ. 1920ರ ದಶಕದ ಮಧ್ಯದಲ್ಲಿ ಅನಟೋಲ್ ಜೋಸೆಫೊ ಅನ್ನುವ ಸೈಬೀರಿಯಾ ಮೂಲದ ಮನುಷ್ಯ ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿ ಫೋಟೋಮಟಾನ್ ಅಂತ ಶುರು ಮಾಡಿದ. 25 ಸೆಂಟ್ಸ್ ಹಾಕಿದರೆ ಕೆಲವೇ ನಿಮಿಷದಲ್ಲಿ ಎಂಟು ಫೋಟೋ. ಜನ ಸಾಲುಗಟ್ಟಿ ನಿಂತರು. 1927ರಲ್ಲಿ ಅದರ ಹಕ್ಕು ಹತ್ತು ಲಕ್ಷ ಡಾಲರಿಗೆ ಮಾರಾಟವಾಯಿತು. ಈ ಕಥೆಯಲ್ಲಿ ನನಗೆ ಇಷ್ಟವಾದ ವಿಷಯ ಬೇರೆ. ತಾನೇ ಕೆಲಸ ಮಾಡುವ ಆ ಯಂತ್ರದ ಪಕ್ಕದಲ್ಲಿ ಬಿಳಿ ಕೈಗವಸು ಹಾಕಿಕೊಂಡ ಒಬ್ಬ ಸಹಾಯಕ ನಿಂತಿರುತ್ತಿದ್ದ. ಎಲ್ಲಿ ಕೂರಬೇಕು, ಯಾವ ಕಡೆ ನೋಡಬೇಕು ಅಂತ ಹೇಳುತ್ತಿದ್ದ. ಯಂತ್ರ ಕ್ಲಿಕ್ ಮಾಡುತ್ತೆ ಸರಿ, ಆದರೆ ಮುಂದೆ ನಿಂತವರಿಗೆ ಏನು ಮಾಡಬೇಕು ಅಂತ ಗೊತ್ತಾಗಬೇಕಲ್ಲ. ನಮ್ಮ ಕಂಬಕ್ಕೂ ಆ ಸಹಾಯಕ ಬೇಕು. ಮನುಷ್ಯನೇ ಆಗಬೇಕಿಲ್ಲ. ನೆಲದ ಮೇಲೆ ಎರಡು ಹೆಜ್ಜೆ ಗುರುತು, ಎದ್ದು ಕಾಣುವ ದೀಪ, ಒಂದು ಬೀಪ್ ಸದ್ದು, ಇಷ್ಟಾದರೂ ಸಾಕು. ಇದಿಲ್ಲದೆ ಎಷ್ಟು ದುಬಾರಿ ಕ್ಯಾಮೆರಾ ಇಟ್ಟರೂ ಬರುವುದು ಜನ ಫೋನ್ ನೋಡುತ್ತಾ ತಲೆ ಬಗ್ಗಿಸಿ ನಿಂತ ಫೋಟೋಗಳೇ.

ಅಮ್ಯೂಸ್‌ಮೆಂಟ್ ಪಾರ್ಕಿನ ರೋಲರ್ ಕೋಸ್ಟರ್ ಕ್ಯಾಮೆರಾ ಎಲ್ಲರಿಗೂ ಗೊತ್ತು. ಇಳಿಜಾರಿನಲ್ಲಿ ಕಿರುಚುವಾಗ ಕ್ಲಿಕ್, ಹೊರಗೆ ಬರುವಾಗ ಪರದೆಯ ಮೇಲೆ ನಿಮ್ಮ ಮುಖ. ಅದು ನಡೆಯುವುದೂ ಇದೇ ಕಾರಣಕ್ಕೆ. ಆ ಜಾಗದಲ್ಲಿ ನಿಮ್ಮ ಕ್ಯಾಮೆರಾ ಇರಲು ಸಾಧ್ಯವಿಲ್ಲ. ಅದರ ಪುಣ್ಯ ಏನಂದರೆ ಜನ ಒಂದೇ ಸೀಟಿನಲ್ಲಿ ಕಟ್ಟಿಹಾಕಿದ ಹಾಗೆ ಕೂತಿರುತ್ತಾರೆ, ಬೆಳಕು ಗೊತ್ತಿರುತ್ತದೆ, ಸಮಯ ಗೊತ್ತಿರುತ್ತದೆ. ಬೆಟ್ಟದ ತುದಿಯಲ್ಲಿ ಇದ್ಯಾವುದೂ ಇಲ್ಲ.

ಬೆಳಕಿನ ವಿಷಯಕ್ಕೆ ಬರ್ತೀನಿ, ಯಾಕಂದರೆ ಹೆಚ್ಚಿನ ಐಡಿಯಾಗಳು ಕಾಗದದ ಮೇಲೆ ಚೆನ್ನಾಗಿದ್ದು ಇಲ್ಲಿ ಬಂದು ಮಲಗಿಬಿಡುತ್ತವೆ. ಜನ ಯಾತಕ್ಕೆ ಜಾಸ್ತಿ ಬರುತ್ತಾರೆ? ಸೂರ್ಯಾಸ್ತ ನೋಡೋಕೆ. ಅಂದರೆ ಎಲ್ಲರ ಬೆನ್ನ ಹಿಂದೆ ಸೂರ್ಯ. ಆಕಾಶಕ್ಕೆ ಸರಿಯಾಗಿ ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕಿನ ಪ್ರಮಾಣ, ಇಟ್ಟರೆ ಮುಖ ಕಪ್ಪು, ಮುಖಕ್ಕೆ ಇಟ್ಟರೆ ಆಕಾಶ ಬರೀ ಬಿಳಿ. ಫ್ಲ್ಯಾಶ್ ಹಾಕಿ ಅನ್ನುತ್ತೀರಿ. ಕ್ಯಾಮೆರಾದ ತಲೆಯ ಮೇಲೆ ಕೂರಿಸುವ ಒಳ್ಳೆಯ ಫ್ಲ್ಯಾಶಿನ ಗೈಡ್ ನಂಬರ್, ಅಂದರೆ ಅದರ ಶಕ್ತಿಯ ಅಳತೆ, 60 ಇರಬಹುದು. ಎಫ್ 8ರಲ್ಲಿ, ಅಂದರೆ ಲೆನ್ಸಿನ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡಿದಾಗ, ಅದು ಮುಟ್ಟುವುದು ಏಳೂವರೆ ಮೀಟರ್. ನಮ್ಮ ಜನ ನಿಂತಿರುವುದು ಅದರ ನಾಲ್ಕು ಪಟ್ಟು ದೂರದಲ್ಲಿ, ಅಂದರೆ ಅಲ್ಲಿಗೆ ತಲುಪುವ ಬೆಳಕು ಬೇಕಾದ್ದರ ಹದಿನಾರನೇ ಒಂದು ಪಾಲು. ಸುಮ್ನೆ ಬ್ಯಾಟರಿ ಖಾಲಿ. ಹಾಗಾಗಿ ಒಂದರ ಹಿಂದೆ ಒಂದು ಬೇರೆ ಬೇರೆ ಎಕ್ಸ್‌ಪೋಷರಿನಲ್ಲಿ ಮೂರು ನಾಲ್ಕು ಫೋಟೋ ತೆಗೆದು ಜೋಡಿಸಬೇಕು. ಫೋನುಗಳು ಗುಟ್ಟಾಗಿ ಮಾಡುವುದೂ ಇದನ್ನೇ. ಇನ್ನೂ ಒಳ್ಳೆಯ ಉಪಾಯ ಅಂದರೆ ಕಂಬ ನೆಡುವಾಗಲೇ ದಿಕ್ಕು ನೋಡಿಕೊಳ್ಳುವುದು. ಸಂಜೆ ಸೂರ್ಯನ ಬೆಳಕು ಜನರ ಕೆನ್ನೆಯ ಮೇಲೆ ಬದಿಯಿಂದ ಬೀಳುವ ಹಾಗೆ ಕೋನ ಸಿಕ್ಕರೆ ಅರ್ಧ ತಲೆನೋವು ಕಮ್ಮಿ. ಒಂದು ಜಾಗಕ್ಕೆ ಬೆಳಿಗ್ಗೆ ಒಂದು ಕಂಬ, ಸಂಜೆಗೆ ಇನ್ನೊಂದು ಬೇಕಾಗಲೂಬಹುದು.

ಫೋಕಸ್ ಮಾತ್ರ ನಮ್ಮ ಪರವಾಗಿದೆ. 100 ಎಂಎಂ ಲೆನ್ಸನ್ನು ಎಫ್ 8ಕ್ಕೆ ಇಟ್ಟು 42 ಮೀಟರಿಗೆ ಫೋಕಸ್ ಮಾಡಿ ಅಂಟು ಹಾಕಿ ಬಿಟ್ಟರೆ, 21 ಮೀಟರಿನಿಂದ ಹಿಡಿದು ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟ. ಆಟೋಫೋಕಸ್ ಮೋಟಾರ್ ಬೇಡ, ಅದು ಕೆಡುವ ಭಯವೂ ಇಲ್ಲ.

ಕ್ಯಾಮೆರಾ ಒಂದೇ ಜಾಗದಲ್ಲಿ ಇರುವುದರಿಂದ ಇನ್ನೊಂದು ಲಾಭ ಇದೆ. ಇದನ್ನು ಯಾಕೋ ಯಾರೂ ಯೋಚಿಸುವುದಿಲ್ಲ. ವ್ಯೂ ಪಾಯಿಂಟಿನ ದೊಡ್ಡ ಗೋಳು ಅಂದರೆ ನಿಮ್ಮ ಫೋಟೋದಲ್ಲಿ ಬೇರೆಯವರು. ಎರಡು ನಿಮಿಷದ ಅವಧಿಯಲ್ಲಿ ಇಪ್ಪತ್ತು ಮೂವತ್ತು ಫೋಟೋ ತೆಗೆದು, ಪ್ರತಿ ಪಿಕ್ಸೆಲಿನ ಹೊಳಪನ್ನು ಆ ಎಲ್ಲ ಫೋಟೋಗಳಿಂದ ತೆಗೆದು, ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಇಟ್ಟು, ನಟ್ಟನಡುವೆ ಬರುವುದನ್ನು ಹಿಡಿದರೆ, ಓಡಾಡುವವರೆಲ್ಲ ತಾವಾಗಿಯೇ ಮಾಯ. ಖಾಲಿ ಜಾಗ ಉಳಿಯುತ್ತದೆ. ಅದರ ಮೇಲೆ ನಿಮ್ಮನ್ನು ಮಾತ್ರ ಇಡಬಹುದು. ಇದರಲ್ಲಿ ಕಲ್ಪಿಸಿ ಸೇರಿಸಿದ್ದು ಏನೂ ಇಲ್ಲ, ಆ ಕಲ್ಲು, ಆ ಹುಲ್ಲು ಎಲ್ಲ ನಿಜವಾಗಿ ಅಲ್ಲಿದ್ದದ್ದೇ. ಒಂದು ಎಚ್ಚರಿಕೆ. ಕಂಬ ಅಲ್ಲಾಡುವುದಿಲ್ಲ ಅಂತ ನಂಬಬೇಡಿ. ಗಾಳಿಗೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಿರುಗಿದರೂ ಈ ಲೆನ್ಸಿನಲ್ಲಿ ಚಿತ್ರ 40 ಪಿಕ್ಸೆಲ್ ಪಕ್ಕಕ್ಕೆ ಸರಿಯುತ್ತದೆ. ಜೋಡಿಸುವ ಮೊದಲು ಎಲ್ಲವನ್ನೂ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು.

ಇಲ್ಲಿಂದ ಮುಂದೆ ಒಂದು ಆಸೆ ಹುಟ್ಟುತ್ತದೆ. ಜನರನ್ನು ತೆಗೆದದ್ದಾಯಿತು, ಮೋಡ ಕವಿದಿದ್ದರೆ ನಿನ್ನೆಯ ನೀಲಿ ಆಕಾಶವನ್ನು ಅಂಟಿಸಿದರೆ ಏನು? ತಾಂತ್ರಿಕವಾಗಿ ತುಂಬ ಸುಲಭ. ದಯವಿಟ್ಟು ಮಾಡಬೇಡಿ. ಮಂಜು ಮುಸುಕಿದ ದಿನ ಬಂದವರಿಗೆ ಮಂಜಿನದೇ ಫೋಟೋ ಕೊಡಿ. ಒಂದು ಸಲ ಆಕಾಶ ಬದಲಿಸಿದಿರಿ ಅಂದರೆ ನಿಮ್ಮ ಎಲ್ಲ ಫೋಟೋಗಳ ಮೇಲೂ ಜನರಿಗೆ ಅನುಮಾನ ಬರುತ್ತದೆ, ಅದು ಹೋಗುವುದಿಲ್ಲ.

ಈಗ ಸರದಿಯ ಸಾಲು. ಸ್ಕ್ಯಾನ್ ಮಾಡಿ, ನಿಂತು, ಕೂದಲು ಸರಿ ಮಾಡಿಕೊಂಡು, ಮಗುವನ್ನು ಕ್ಯಾಮೆರಾ ಕಡೆ ತಿರುಗಿಸಿ, ಕ್ಲಿಕ್ ಆಗಿ, ಜಾಗ ಬಿಟ್ಟುಕೊಡಲು ಒಂದು ಗುಂಪಿಗೆ ಒಂದೂವರೆ ನಿಮಿಷ ಹಿಡಿಯಿರಿ. ಗಂಟೆಗೆ 40 ಗುಂಪು. ಆದರೆ ಒಳ್ಳೆಯ ಬೆಳಕು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಅಂದರೆ ದಿನಕ್ಕೆ 80 ಗುಂಪಿಗೆ ಮಾತ್ರ ನಿಜವಾಗಿ ಚೆಂದದ ಫೋಟೋ. ಆ ಜಾಗಕ್ಕೆ ದಿನಕ್ಕೆ ಐದು ಸಾವಿರ ಜನ ಬರಲಿ, ಐವತ್ತು ಸಾವಿರ ಬರಲಿ, ಆ ಎರಡು ಗಂಟೆ ನಾಲ್ಕು ಗಂಟೆ ಆಗುವುದಿಲ್ಲ. ಬಂದವರ ಸಂಖ್ಯೆಗೆ ಶೇಕಡಾ ಇಷ್ಟು ಅಂತ ಗುಣಿಸಿ ಆದಾಯ ತೋರಿಸುವ ಪ್ಲಾನುಗಳನ್ನು ನಾನು ನಂಬದೇ ಇರುವುದು ಇದಕ್ಕೇ. ಮಿಕ್ಕ ಹೊತ್ತಿನಲ್ಲಿ ಕ್ಯಾಮೆರಾ ಕೆಲಸ ಮಾಡುತ್ತದೆ, ಆದರೆ ಮಧ್ಯಾಹ್ನದ ನೆತ್ತಿ ಬಿಸಿಲಿನ ಫೋಟೋಗೆ ದುಡ್ಡು ಕೊಡುವವರು ಕಮ್ಮಿ. ಅದೂ ಅಲ್ಲದೆ ಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿ ಗಾಳಿಗೆ ದೂರದ ಬೆಟ್ಟ ನಡುಗಿದ ಹಾಗೆ ಬರುತ್ತದೆ. ಉದ್ದ ಲೆನ್ಸಿನಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ.

ಇನ್ನು ಗಾಜು ಒರೆಸುವ ಕೆಲಸ. ಇದಕ್ಕೆ ನಾನು ಅರ್ಧ ಗಂಟೆ ಬೇಕಾದರೂ ಕೊಡುತ್ತೇನೆ. ಜಲಪಾತದ ಎದುರಿನ ಕ್ಯಾಮೆರಾಕ್ಕೆ ಇಡೀ ದಿನ ತುಂತುರು. ಸಮುದ್ರದ ಬಳಿ ನೀರು ಆರುತ್ತದೆ, ಉಪ್ಪು ಗಾಜಿನ ಮೇಲೆ ಉಳಿಯುತ್ತದೆ. ಸಂಜೆ ಸೂರ್ಯನ ಬೆಳಕು ಓರೆಯಾಗಿ ಬಿದ್ದಾಗ ಆ ಉಪ್ಪು ಇಡೀ ಚಿತ್ರವನ್ನು ಮಬ್ಬು ಮಾಡುತ್ತದೆ. ಪೆಟ್ಟಿಗೆ ನೀರು ಒಳಗೆ ಬಿಡದಂಥದ್ದು ಅಂತ ಕಂಪನಿ ಬರೆದುಕೊಟ್ಟಿರುತ್ತದೆ, ಸರಿ, ಆದರೆ ಒಳಗೇ ಸಿಕ್ಕಿಕೊಂಡ ತೇವದ ಗಾಳಿ ರಾತ್ರಿ ತಣಿದು ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಹನಿಗಟ್ಟಿರುತ್ತದೆ. ಅದೂ ಸೂರ್ಯೋದಯದ ಹೊತ್ತಿಗೆ ಸರಿಯಾಗಿ! ಸಣ್ಣ ಹೀಟರ್ ಇಡಬೇಕು. ಆಮೇಲೆ ಜೇಡ. ರಾತ್ರಿ ಕಾವಲಿಗೆ ದೀಪ ಇರುವ ಕ್ಯಾಮೆರಾ ಇಟ್ಟವರಿಗೆ ಇದು ಗೊತ್ತಿರುತ್ತದೆ. ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಬೆಳಗಾಗುವಷ್ಟರಲ್ಲಿ ಲೆನ್ಸಿನ ಮುಂದೆ ಬಲೆ. ಕಂಬದ ತುದಿ ಹಕ್ಕಿಗಳಿಗಂತೂ ಹೇಳಿ ಮಾಡಿಸಿದ ಜಾಗ. ಗಾಜಿನ ಮೇಲೆ ಸಣ್ಣ ವೈಪರ್ ಇರಲಿ, ಕ್ಯಾಮೆರಾ ಪೆಟ್ಟಿಗೆಯ ಮೇಲೆ ಮುಂದಕ್ಕೆ ಚಾಚಿದ ಸೂರು ಇರಲಿ, ಆದರೂ ವಾರಕ್ಕೊಮ್ಮೆಯಾದರೂ ಒಬ್ಬ ಮನುಷ್ಯ ಏಣಿ ಹತ್ತಿ ಬಟ್ಟೆಯಲ್ಲಿ ಒರೆಸಲೇಬೇಕು. ಕ್ಯಾಮೆರಾ ಒಂದೇ ಸಲದ ಖರ್ಚು. ಈ ಮನುಷ್ಯನ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಕಂಬಗಳು ಒಂದಕ್ಕೊಂದು ನೂರಾರು ಕಿಲೋಮೀಟರ್ ದೂರ ಇದ್ದರೆ ಅವನ ಬಸ್ ಖರ್ಚಿಗೇ ವ್ಯಾಪಾರ ಮುಳುಗುತ್ತದೆ. ಹಾಗಾಗಿ ಮೊದಲ ಹತ್ತು ಕಂಬ ಒಬ್ಬನೇ ಒಂದು ದಿನದಲ್ಲಿ ಸುತ್ತಿ ಬರುವಷ್ಟು ಹತ್ತಿರ ಇರಬೇಕು. ಪ್ರಸಿದ್ಧ ಜಾಗಗಳನ್ನೇ ಆರಿಸಿ ಎಲ್ಲೆಡೆ ಒಂದೊಂದು ನೆಡುವ ಆಸೆ ಬಿಡಿ.

ಖಾಸಗಿತನದ ವಿಷಯ. ಸಾರ್ವಜನಿಕ ಜಾಗದಲ್ಲಿ ಕ್ಯಾಮೆರಾ ಅಂದ ತಕ್ಷಣ ಜನರಿಗೆ ಇರಿಸುಮುರಿಸಾಗುವುದು ಸಹಜ. ಆಗಲೂಬೇಕು. ಇಲ್ಲಿ ಎಲ್ಲರಿಗೂ ತಲೆಗೆ ಬರುವ ಸುಲಭದ ದಾರಿ ಮುಖ ಗುರುತಿಸುವ ಸಾಫ್ಟ್‌ವೇರ್. ಕ್ಯಾಮೆರಾ ಇಡೀ ದಿನ ಎಲ್ಲರನ್ನೂ ತೆಗೆಯುತ್ತಿರಲಿ, ಸಂಜೆ ನೀವು ಒಂದು ಸೆಲ್ಫಿ ಹಾಕಿದರೆ ನಿಮ್ಮ ಫೋಟೋಗಳನ್ನೆಲ್ಲ ಹುಡುಕಿಕೊಡಲಿ. ಡೆಮೋ ತುಂಬ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಕೇಳದೇ ಇದ್ದವರ ಮುಖಗಳನ್ನೂ ಅಳೆಯಬೇಕು. ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಜನರನ್ನು ಗುರುತಿಸಲು ಬಳಸುವ ಮುಖದ ಅಳತೆ ವಿಶೇಷ ರಕ್ಷಣೆಯ ಮಾಹಿತಿ. ತಪ್ಪಿದರೆ ದಂಡ ಎರಡು ಕೋಟಿ ಯೂರೋವರೆಗೆ, ಇಲ್ಲವೇ ಕಂಪನಿಯ ಜಾಗತಿಕ ವಹಿವಾಟಿನ ಶೇ. 4ರವರೆಗೆ, ಯಾವುದು ಜಾಸ್ತಿಯೋ ಅದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2008ರಿಂದಲೇ ಇಂಥ ಕಾನೂನಿದೆ. ಫೋಟೋದಲ್ಲಿ ಇರುವವರು ಯಾರು ಅಂತ ತಾನೇ ಹೆಸರು ಸೂಚಿಸುತ್ತಿದ್ದ ಸೌಲಭ್ಯಕ್ಕಾಗಿ ಫೇಸ್‌ಬುಕ್ ಆ ಕಾನೂನಿನಡಿ 65 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅವರ ಹತ್ತಿರ ಅಷ್ಟಿತ್ತು, ಕೊಟ್ಟರು.

ನನ್ನ ಪ್ರಕಾರ ನಿಯಮ ಹೀಗಿರಬೇಕು. ಯಾರೂ ಸ್ಕ್ಯಾನ್ ಮಾಡದಿದ್ದಾಗ ಲೆನ್ಸಿನ ಮುಂದೆ ಒಂದು ಮುಚ್ಚಳ, ದೂರದಿಂದಲೇ ಕಾಣುವ ಬಣ್ಣದ್ದು, ನಿಜವಾಗಿಯೇ ಮುಚ್ಚಿಕೊಳ್ಳಬೇಕು. ಸಾಫ್ಟ್‌ವೇರಿನಲ್ಲಿ ಆಫ್ ಆಗಿದೆ ಅಂತ ಬೋರ್ಡ್ ಹಾಕಿದರೆ ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಗುಂಡಿ ಒತ್ತಿದಾಗ ಮುಚ್ಚಳ ತೆರೆಯುತ್ತದೆ, ಕೆಲಸ ಮುಗಿದ ಮೇಲೆ ಮುಚ್ಚುತ್ತದೆ. ಇದರಿಂದ ಧೂಳೂ ಕಮ್ಮಿ. ಯಾವ ಫೋಟೋ ಯಾರದು ಅಂತ ತಿಳಿಯಲು ಮುಖ ಬೇಡ, ಸ್ಕ್ಯಾನ್ ಮಾಡಿದ ಹೊತ್ತೇ ಸಾಕು. ಬೇರೆಯವರನ್ನು ಚಿತ್ರದಿಂದ ತೆಗೆಯುವ ಕೆಲಸ ಕಂಬದ ಮೇಲಿನ ಕಂಪ್ಯೂಟರಿನಲ್ಲೇ ಆಗಬೇಕು, ಅವರಿರುವ ಮೂಲ ಫೋಟೋಗಳು ಕೆಳಗೆ ಇಳಿಯಲೇಬಾರದು. ಕೊಳ್ಳದ ಫೋಟೋ ಮರುದಿನ ಅಳಿಸಿಹೋಗಬೇಕು.

ಜಾಗದ ಮಾತಿಗೆ ಬರೋಣ. ಫೋಟೋ ತೆಗೆಯಲು ಬರುವವರ ಕಾಟಕ್ಕೆ ಊರಿನವರು ಬೇಸತ್ತ ಉದಾಹರಣೆಗಳು ಈಗ ಬೇಕಾದಷ್ಟಿವೆ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ 2023ರಲ್ಲಿ ಸೆಲ್ಫಿ ತೆಗೆಯುವ ಜಾಗಕ್ಕೆ ಅಡ್ಡಲಾಗಿ ಮರದ ಬೇಲಿ ಹಾಕಿದರು, ಟೀಕೆ ಬಂತು, ತೆಗೆದರು. ಇಟಲಿಯ ಪೋರ್ಟೊಫಿನೊ ಅದೇ ವರ್ಷ ಕೆಲವು ಕಡೆ ನಿಂತುಕೊಳ್ಳುವುದಕ್ಕೇ ದಂಡ ಇಟ್ಟಿತು. ಜಪಾನಿನ ಫುಜಿಕಾವಾಗುಚಿಕೊದಲ್ಲಿ ಒಂದು ಅಂಗಡಿಯ ಹಿಂದೆ ಫುಜಿ ಪರ್ವತ ಕಾಣುತ್ತದೆ ಅಂತ ಜನ ರಸ್ತೆಗೆ ನುಗ್ಗುತ್ತಿದ್ದರು. 2024ರ ಮೇ ತಿಂಗಳಲ್ಲಿ ಎರಡೂವರೆ ಮೀಟರ್ ಎತ್ತರ, 20 ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿದರು. ಆಗಸ್ಟಿನಲ್ಲಿ ಚಂಡಮಾರುತದ ಭಯಕ್ಕೆ ಇಳಿಸಿದರು. ನಮ್ಮ ಕಂಬ ಇಂಥ ಕಡೆ ಹೋದರೆ ಜನಜಂಗುಳಿ ಕಮ್ಮಿ ಆಗುತ್ತೋ ಜಾಸ್ತಿ ಆಗುತ್ತೋ? ಎರಡೂ ಆಗಬಹುದು. ಕಂಬ ಎಲ್ಲಿದೆಯೋ ಜನ ಅಲ್ಲಿ ನಿಲ್ಲುತ್ತಾರೆ. 1920ರ ದಶಕದಲ್ಲಿ ಕೊಡಕ್ ಕಂಪನಿ ಅಮೆರಿಕದ ರಸ್ತೆ ಬದಿಯಲ್ಲಿ 'ಮುಂದೆ ಒಳ್ಳೆಯ ಚಿತ್ರ ಸಿಗುತ್ತದೆ' ಅನ್ನುವ ಅರ್ಥದ ಫಲಕ ನೆಟ್ಟಾಗಿನಿಂದ ಇದು ಗೊತ್ತಿರುವ ವಿಷಯ. ಆದ್ದರಿಂದ ರಸ್ತೆಯ ಪಕ್ಕ, ಮನೆಗಳ ಮುಂದೆ ಬೇಡವೇ ಬೇಡ. ಈಗಾಗಲೇ ತುಂಬಿ ತುಳುಕುವ ಜಾಗದಿಂದ ಹತ್ತು ನಿಮಿಷ ನಡೆದರೆ ಅಷ್ಟೇ ಚೆಂದದ ಇನ್ನೊಂದು ನೋಟ ಇರುತ್ತದೆ, ಕಂಬ ಅಲ್ಲಿರಲಿ.

ಅಪಾಯದ ಜಾಗಗಳ ಬಗ್ಗೆ ಮಾತ್ರ ನನಗೆ ಗಟ್ಟಿ ಅಭಿಪ್ರಾಯ ಇದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ 2011ರ ಅಕ್ಟೋಬರಿನಿಂದ 2017ರ ನವೆಂಬರ್‌ವರೆಗಿನ ಸುದ್ದಿ ವರದಿಗಳನ್ನು ಜಾಲಾಡಿ, ಸೆಲ್ಫಿ ತೆಗೆಯುವಾಗ 259 ಜನ ಸತ್ತದ್ದನ್ನು ಲೆಕ್ಕ ಹಾಕಿತು. ನೀರಿನಲ್ಲಿ ಮುಳುಗಿದ್ದು, ರೈಲಿನಂಥ ವಾಹನಗಳಿಗೆ ಸಿಕ್ಕಿದ್ದು, ಎತ್ತರದಿಂದ ಬಿದ್ದದ್ದು, ಇವೇ ಮುಖ್ಯ ಕಾರಣ. ಕೈಚಾಚಿ ತೆಗೆಯುವ ಫೋಟೋದಲ್ಲಿ ಪ್ರಪಾತ ಕಾಣಬೇಕಾದರೆ ಅಂಚಿಗೇ ಹೋಗಬೇಕು, ಬೆನ್ನು ಆ ಕಡೆಗಿರುತ್ತದೆ, ಕಣ್ಣು ಪರದೆಯ ಮೇಲಿರುತ್ತದೆ. ದೂರದ ಕಂಬದಿಂದ ತೆಗೆದರೆ ಅಂಚಿನಿಂದ ಐದು ಮೀಟರ್ ಈಚೆಗೆ ಕಟಕಟೆಯ ಹಿಂದೆ ನಿಂತವರೂ ಅಂಚಿನಲ್ಲೇ ನಿಂತ ಹಾಗೆ ಕಾಣುತ್ತಾರೆ. ಕೋನ ಸರಿಯಾಗಿ ಆರಿಸಬೇಕು ಅಷ್ಟೇ. ಹೆಜ್ಜೆ ಗುರುತನ್ನು ಎಲ್ಲಿ ಬರೆಯುತ್ತೀರೋ ಅಲ್ಲಿ ಜನ ನಿಲ್ಲುತ್ತಾರೆ. ಜಾಗದ ಒಡೆಯರ ಹತ್ತಿರ ಅನುಮತಿ ಕೇಳುವಾಗ ಮೊದಲು ಈ ಮಾತು ಹೇಳಿ, ಆದಾಯದ ಪಾಲಿನ ಮಾತು ಆಮೇಲೆ.

ಜಾಗದ ಒಡೆಯರಿಗೆ ಕೊಡಬಹುದಾದ್ದು ಇನ್ನೊಂದಿದೆ. ಸಿಡ್ನಿಯ ಕಡಲತೀರಗಳಲ್ಲಿ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಅಂತ ಶುರುವಾಯಿತು. ಫೋನ್ ಇಡಲು ಒಂದು ಸ್ಟೀಲ್ ತೊಟ್ಟಿಲು, ಅಷ್ಟೇ. ಬಂದವರು ಫೋನ್ ಇಟ್ಟು ಫೋಟೋ ತೆಗೆದು ಕಳಿಸುತ್ತಾರೆ. ಎಲ್ಲರದೂ ಒಂದೇ ಕೋನ ಆದ್ದರಿಂದ ಮರಳಿನ ದಂಡೆ ಎಷ್ಟು ಕೊಚ್ಚಿಹೋಯಿತು, ಎಷ್ಟು ಮರಳಿ ಬಂತು ಅಂತ ಸಂಶೋಧಕರು ಅದರಿಂದ ಅಳೆಯುತ್ತಾರೆ. ಈಗ ಎಷ್ಟೋ ದೇಶಗಳಲ್ಲಿ ಇದೆ. ನಮ್ಮ ಕಂಬ ದಿನಾ ಜನ ಬರುವ ಮುಂಚೆ ಒಂದು ಖಾಲಿ ಫೋಟೋ ತೆಗೆದಿಟ್ಟರೂ ನೀರಿನ ಮಟ್ಟ, ಹಿಮ, ಗಿಡಮರ, ಭೂಕುಸಿತ ಇವುಗಳ ದಾಖಲೆ ತಾನಾಗಿ ಬೆಳೆಯುತ್ತದೆ. ಅರಣ್ಯ ನೋಡಿಕೊಳ್ಳುವವರಿಗೆ ಫೋಟೋ ಮಾರಾಟದ ಪಾಲಿಗಿಂತ ಇದು ಹೆಚ್ಚು ಬೇಕಾಗಬಹುದು.

ಪ್ರಿಂಟ್, ಮಗ್, ಕ್ಯಾಲೆಂಡರ್ ಇವುಗಳ ಬಗ್ಗೆ ನಾನು ಮಾತಾಡುವುದಿಲ್ಲ. ಫೋಟೋ ಚೆನ್ನಾಗಿದ್ದರೆ ಅವು ಮಾಡಿಸುವುದು ಜನರಿಗೇ ಗೊತ್ತು. ಫೋಟೋದ ಮೂಲೆಯಲ್ಲಿ ಜಾಹೀರಾತು ಹಾಕುವುದೂ ಬೇಡ.

ಕೇಳಿದ ಪ್ರಶ್ನೆಗಳು:

ಕಂಬ ಯಾಕೆ, ಡ್ರೋನ್ ಸಾಕಲ್ವಾ?

ಫೋಟೋ ಇನ್ನೂ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ನಿಷೇಧ ಇದೆ, ಬೇರೆ ಬಹಳ ಕಡೆ ಕೂಡ ಬಿಡುವುದಿಲ್ಲ. ಸದ್ದು, ಹಕ್ಕಿಗಳು, ಗಾಳಿ, ಬ್ಯಾಟರಿ. ಶಾಂತವಾಗಿ ಕೂರಲು ಬಂದವರ ತಲೆಯ ಮೇಲೆ ಇಡೀ ದಿನ ಅದು ಗುಂಯ್‌ಗುಟ್ಟಿದರೆ ಕಲ್ಲು ಹೊಡೆಯುತ್ತಾರೆ.

ಎಐ ಈಗ ಮನೆಯಲ್ಲಿ ಕೂತವರನ್ನೂ ಬೆಟ್ಟದ ಮುಂದೆ ನಿಲ್ಲಿಸುತ್ತದೆ. ನಿಮ್ಮ ಫೋಟೋ ಯಾರಿಗೆ ಬೇಕು?

ಒಳ್ಳೆಯ ಪ್ರಶ್ನೆ. ಬರೀ ಚೆಂದದ ಚಿತ್ರ ಬೇಕಾದವರು ಅಲ್ಲಿಗೇ ಹೋಗುತ್ತಾರೆ, ಹೋಗಲಿ. ನಾನು ನಿಜವಾಗಿ ಹೋಗಿದ್ದೆ ಅಂತ ತೋರಿಸಬೇಕಾದವರಿಗೆ ಕಂಬ ಒಂದು ಸಾಕ್ಷಿ ಕೊಡಬಹುದು. ಫೋಟೋ ಎಲ್ಲಿ, ಯಾವಾಗ, ಯಾವ ಕ್ಯಾಮೆರಾದಿಂದ ಬಂತು, ಆಮೇಲೆ ಏನು ತಿದ್ದಿದರು ಅನ್ನುವುದನ್ನು ಡಿಜಿಟಲ್ ಸಹಿ ಹಾಕಿ ಫೋಟೋ ಜೊತೆಗೇ ಕಳಿಸುವ ಸಿ2ಪಿಎ ಅನ್ನುವ ಮಾನದಂಡ 2021ರಿಂದ ಬೆಳೆಯುತ್ತಿದೆ. 2023ರಲ್ಲಿ ಲೈಕಾ ಎಂ11-ಪಿ ಅದನ್ನು ಒಳಗೇ ಇಟ್ಟುಕೊಂಡು ಬಂತು. ಒಂದೇ ಜಾಗದಲ್ಲಿ ನೆಟ್ಟ ಕ್ಯಾಮೆರಾ ಹಾಕುವ ಇಂಥ ಸಹಿಗೆ ತೂಕ ಜಾಸ್ತಿ. ಬೇರೆಯವರನ್ನು ಅಳಿಸಿದ ಫೋಟೋ ಆದರೆ ಅದನ್ನೂ ಅಲ್ಲೇ ಬರೆಯಬೇಕು.

ವ್ಯೂ ಪಾಯಿಂಟುಗಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಫೋಟೋ ತೆಗೆದು ಬದುಕುವವರ ಗತಿ?

ಅವರ ಹೊಟ್ಟೆಯ ಮೇಲೆ ಹೊಡೆಯುವ ಯೋಜನೆ ಆದರೆ ನನಗೆ ಇದರಲ್ಲಿ ಆಸಕ್ತಿ ಇಲ್ಲ, ಅದು ನಡೆಯುವುದೂ ಇಲ್ಲ. ಅವರಿಗೆ ಆ ಜಾಗದ ಬೆಳಕು ಗೊತ್ತು, ಯಾವ ತಿಂಗಳಲ್ಲಿ ಮಂಜು, ಎಷ್ಟು ಹೊತ್ತಿಗೆ ಬಸ್ಸು ಬರುತ್ತದೆ, ಎಲ್ಲ ಗೊತ್ತು. ಆ ಏಣಿ ಹತ್ತುವ ಮನುಷ್ಯ ಅವರೇ ಯಾಕಾಗಬಾರದು? ಪ್ರತಿ ಮಾರಾಟದಲ್ಲಿ ಅವರಿಗೆ ಪಾಲು, ಜನರನ್ನು ಸರಿಯಾಗಿ ನಿಲ್ಲಿಸುವ ಕೆಲಸವೂ ಅವರದೇ. ಬ್ರಾಡ್‌ವೇಯ ಆ ಸಹಾಯಕ ನಿಂತಿದ್ದ ಜಾಗ ಇದೇ.

ಶುರು ಮಾಡಲು ಎಷ್ಟು ಬಂಡವಾಳ ಬೇಕು?

ಕಂಬಕ್ಕೆ ಬಂಡವಾಳ ಹುಡುಕುವ ಮೊದಲು ಒಂದು ಟ್ರೈಪಾಡ್ ಮತ್ತು ಉದ್ದ ಲೆನ್ಸ್ ಇರುವ ಕ್ಯಾಮೆರಾ ಬಾಡಿಗೆಗೆ ತನ್ನಿ. ಜಾಗದವರ ಅನುಮತಿ ತಗೊಂಡು, ವಾರಾಂತ್ಯದ ಸಂಜೆ ಮೂವತ್ತು ಮೀಟರ್ ದೂರದಲ್ಲಿ ನೀವೇ ಕಂಬದ ಹಾಗೆ ನಿಲ್ಲಿ. ಮಾತಾಡಬೇಡಿ, ಕರೆಯಬೇಡಿ. ನಿಲ್ಲುವ ಜಾಗದಲ್ಲಿ ಕ್ಯೂಆರ್ ಕೋಡಿನ ಹಾಳೆ ಮಾತ್ರ ಇರಲಿ. ಎಷ್ಟು ಜನ ಹಾಳೆ ಓದುತ್ತಾರೆ, ಓದಿದವರಲ್ಲಿ ಎಷ್ಟು ಜನ ಸ್ಕ್ಯಾನ್ ಮಾಡುತ್ತಾರೆ, ಒಂದು ಗುಂಪಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದುಕೊಳ್ಳಿ. ಸಣ್ಣ ಫೋಟೋ ಪುಕ್ಕಟೆ ಕಳಿಸಿ. ದೊಡ್ಡದಕ್ಕೆ ದುಡ್ಡು ಕೇಳಿ, ಅಲ್ಲೇ ಎಷ್ಟು ಜನ ಕೊಟ್ಟರು, ಮನೆಗೆ ಹೋದ ಮೇಲೆ ಎಷ್ಟು ಜನ ಕೊಟ್ಟರು ಅನ್ನುವುದನ್ನು ಬೇರೆ ಬೇರೆ ಇಡಿ. ಈ ಎರಡನೇ ಸಂಖ್ಯೆ ದೊಡ್ಡದಿದ್ದರೆ ಕೊಳ್ಳದ ಫೋಟೋವನ್ನು ಮರುದಿನವೇ ಅಳಿಸುವ ನನ್ನ ನಿಯಮವನ್ನು ಒಂದು ವಾರಕ್ಕೆ ಸಡಿಲಿಸಬೇಕಾಗಬಹುದು. ಹಾಗೆ ಮಾಡುವುದಾದರೆ ಸ್ಕ್ಯಾನ್ ಮಾಡುವಾಗಲೇ ಅದನ್ನು ಹೇಳಿ ಒಪ್ಪಿಗೆ ತಗೊಳ್ಳಿ.